ಇಳಿಜಾರಲ್ಲಿ ಬೆಲ್ಟ್ ಡ್ರೈವ್ ಲಾನ್ ಟ್ರ್ಯಾಕ್ಟರ್: ಇಳೀವಾಗ ಪೆಡಲ್ ಒತ್ತಿದ್ರೆ ನಿಲ್ಲೋ ಬದ್ಲು ಮುಂದಕ್ಕೆ ಓಡ್ತಿದೆ, ಏನ್ ಮಾಡ್ಲಿ?

ಕೆಂಪುಮಣ್ಣು:

ಎಲ್ರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ದಕ್ಷಿಣಕ್ಕೆ ಹೋದ ಚಳಿಗಾಲದಲ್ಲಿ ಮನೆ ತಗೊಂಡ್ವಿ. ಒಂದೂಕಾಲು ಎಕರೆ ಜಾಗ, ಮನೆ ಮುಂದೆ ಅಷ್ಟಿಷ್ಟು ಸಮ ಇದೆ, ಹಿಂದ್ಗಡೆ ಪೂರ್ತಿ ಇಳಿಜಾರು, ಕೊನೇಲೊಂದು ಸಣ್ಣ ಹಳ್ಳ. ಹಿಮ ಬಿದ್ದಿದ್ದಾಗ ನೋಡೋಕೆ ಚೆನ್ನಾಗಿತ್ತು, ಏಪ್ರಿಲ್‌ನಲ್ಲಿ ಹುಲ್ಲು ಏಳೋಕೆ ಶುರುವಾದ್ಮೇಲೆ ಗೊತ್ತಾಗ್ತಿದೆ ಇದರ ಕಥೆ. ಈ ಊರು ಗೊತ್ತಿರೋರಿಗೆ ಹೇಳೋದೇ ಬೇಡ, ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿದ್ರೆ ನೋಡಿರ್ತೀರ, ಇಲ್ಲಿ ದೇವ್ರಿಗೂ ಗುಡ್ಡನೇ ಗತಿ.

ಹಳೇ ಓನರ್ ಅವ್ರ ಲಾನ್ ಟ್ರ್ಯಾಕ್ಟರನ್ನ (ಕೂತು ಓಡ್ಸೋ ಹುಲ್ಲು ಕಟ್ ಮಾಡೋ ಗಾಡಿ) ಮನೆ ಜೊತೆಗೇ ಬಿಟ್ಟು ಹೋಗಿದಾರೆ. 42 ಇಂಚ್ ಡೆಕ್ (ಕೆಳಗೆ ಬ್ಲೇಡ್ ಇರೋ ಕವಚ), ಸಿಂಗಲ್ ಸಿಲಿಂಡರ್ ಇಂಜಿನ್, ಸೀಟ್ ಪಕ್ಕ ಫೆಂಡರ್ ಮೇಲೆ 6 ಗೇರಿನ ಲಿವರ್, ಎಡಗಾಲಿಗೆ ಒಂದೇ ಒಂದು ಪೆಡಲ್, ಅದೇ ಕ್ಲಚ್ಚು ಅದೇ ಬ್ರೇಕು. ಸಮ ಜಾಗದಲ್ಲಿ ಯಾವ ತಕರಾರೂ ಇಲ್ಲ. ಹಿಂದ್ಗಡೆ ಹೋದ್ರೆ ಎರಡು ಪ್ರಾಬ್ಲಂ.

ಹತ್ತೋವಾಗ ಮೂರನೇ ಗೇರಲ್ಲಿ ಇಂಜಿನ್ ಸದ್ದು ಹಾಗೇ ಇರುತ್ತೆ ಆದ್ರೆ ಗಾಡಿ ನಿಧಾನ ಆಗ್ತಾ ಆಗ್ತಾ ನಿಂತೇ ಬಿಡುತ್ತೆ, ರಬ್ಬರ್ ಸುಟ್ಟ ವಾಸನೆ ಬೇರೆ. ಇಳೀವಾಗ ಇನ್ನೂ ಕಷ್ಟ, ಸ್ವಲ್ಪ ಸ್ಪೀಡ್ ಕಮ್ಮಿ ಮಾಡೋಣ ಅಂತ ಪೆಡಲ್ ಅರ್ಧ ಒತ್ತಿದ್ರೆ ನಿಧಾನ ಆಗೋ ಬದ್ಲು ಒಂದೇ ಸಲ ಮುಂದಕ್ಕೆ ನುಗ್ಗುತ್ತೆ, ಗಾಬರಿಯಿಂದ ಪೂರ್ತಿ ಒತ್ತಿದ್ರೆ ಹಿಂದಿನ ಚಕ್ರ ಲಾಕ್ ಆಗಿ ಹುಲ್ಲಿನ ಮೇಲೆ ಜಾರ್ಕೊಂಡು ಹೋಗುತ್ತೆ. ಮೊನ್ನೆ ಹಾಗೇ ಹಳ್ಳದ ಕಡೆ ಒಂದಿಷ್ಟು ದೂರ ಜಾರಿ ನಿಂತಾಗ ಎದೆ ಝಲ್ ಅಂತು. ಬ್ರೇಕ್ ಹೋಗಿದ್ಯಾ? ಬೆಲ್ಟ್ ಹೋಗಿದ್ಯಾ? ಇಲ್ಲ ಈ ಗಾಡಿ ಈ ಜಾಗಕ್ಕೆ ಆಗಲ್ವಾ? ಗೊತ್ತಿರೋರು ದಯವಿಟ್ಟು ಹೇಳಿ. ಹುಲ್ಲು ಕಟ್ ಮಾಡೋರನ್ನ ಕರೆಸಿ ಅನ್ಬೇಡಿ, ಅವ್ರು ಹೇಳಿದ ರೇಟ್ ಕೇಳಿನೇ ಇಲ್ಲಿಗೆ ಬಂದಿರೋದು.

ಪುಲ್ಲಿಪುರಾಣ:

ಸಾರ್, ಇಳೀವಾಗ ಅರ್ಧ ಒತ್ತಿದ್ರೆ ಓಡುತ್ತೆ ಅಂದ್ರಲ್ಲ, ಅದು ರಿಪೇರಿ ವಿಷ್ಯ ಅಲ್ಲ, ಆ ಗಾಡಿ ಕಟ್ಟಿರೋದೇ ಹಾಗೆ. ಇದನ್ನ ಒಂದ್ಸಲ ಸರಿಯಾಗಿ ತಿಳ್ಕೊಂಡ್ಬಿಟ್ರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನಿಮ್ಮ ಇಂಜಿನ್ ಶಾಫ್ಟು ನೆಟ್ಟಗೆ ಕೆಳಕ್ಕೆ ಬರುತ್ತೆ, ಅದರ ತುದೀಲಿ ಎರಡು ಪುಲ್ಲಿ, ಒಂದರಿಂದ ಡೆಕ್ ಬೆಲ್ಟು, ಇನ್ನೊಂದರಿಂದ ಡ್ರೈವ್ ಬೆಲ್ಟು. ಡ್ರೈವ್ ಬೆಲ್ಟು ಹಿಂದಿರೋ ಟ್ರಾನ್ಸ್‌ಆಕ್ಸಲ್ (ಗೇರ್‌ಬಾಕ್ಸೂ ಹಿಂದಿನ ಆಕ್ಸಲ್ಲೂ ಸೇರಿರೋ ಭಾಗ) ಪುಲ್ಲಿಗೆ ಹೋಗುತ್ತೆ. ಕಾರಲ್ಲಿರೋ ಥರ ಕ್ಲಚ್ ಪ್ಲೇಟು ಇದರಲ್ಲಿಲ್ಲ. ನಡುವೆ ಒಂದು ಐಡ್ಲರ್ ಪುಲ್ಲಿ ಇರುತ್ತೆ, ಅದನ್ನ ಒಂದು ಸ್ಪ್ರಿಂಗು ಎಳೆದು ಬೆಲ್ಟನ್ನ ಬಿಗಿಯಾಗಿ ಇಟ್ಟಿರುತ್ತೆ. ನೀವು ಪೆಡಲ್ ಒತ್ತಿದಾಗ ಮೊದಲು ಆಗೋದು ಐಡ್ಲರ್ ಹಿಂದಕ್ಕೆ ಸರಿದು ಬೆಲ್ಟ್ ಸಡಿಲ ಆಗೋದು, ಆಮೇಲೆ ಇನ್ನೂ ಒತ್ತಿದಾಗ ಟ್ರಾನ್ಸ್‌ಆಕ್ಸಲ್ ಪಕ್ಕದಲ್ಲಿರೋ ಸಣ್ಣ ಡಿಸ್ಕಿನ ಮೇಲೆ ಬ್ರೇಕ್ ಪ್ಯಾಡ್ ಕೂರೋದು. ಇವೆರಡರ ಮಧ್ಯೆ ಒಂದು ಜಾಗ ಇದೆ, ಅಲ್ಲಿ ಇಂಜಿನ್ನೂ ಹಿಡಿದಿರಲ್ಲ, ಬ್ರೇಕೂ ಹಿಡಿದಿರಲ್ಲ. ಗಾಡಿ ಪೂರ್ತಿ ನ್ಯೂಟ್ರಲ್. ಸಮ ಜಾಗದಲ್ಲಿ ಅದು ಗಮನಕ್ಕೇ ಬರಲ್ಲ. ಇಳುಕಲಲ್ಲಿ ಅಲ್ಲಿವರೆಗೂ ತಡೆದಿಟ್ಟಿದ್ದು ಇಂಜಿನ್ನೇ ಆಗಿರೋದ್ರಿಂದ ಅದು ಬಿಟ್ಟ ಕ್ಷಣ ಓಡುತ್ತೆ.

ಅದಕ್ಕೇ ಗೇರ್ ಗಾಡೀಲಿ ನಿಯಮ ಒಂದೇ, ಇಳಿಜಾರಿಗೆ ಇಳಿಯೋಕೆ ಮುಂಚೆ ಮೇಲ್ಗಡೆ ಸಮ ಜಾಗದಲ್ಲೇ ಪೂರ್ತಿ ನಿಂತು ಫಸ್ಟ್ ಗೇರ್ ಹಾಕಿ, ಆಮೇಲೆ ಕೆಳಗೆ ಸಮ ಜಾಗ ಬರೋವರೆಗೂ ಪೆಡಲ್ ಮೇಲೆ ಕಾಲೇ ಇಡ್ಬೇಡಿ. ಬಹಳ ನಿಧಾನ ಅನ್ಸುತ್ತೆ, ಅನ್ಸಲಿ. ಮಧ್ಯದಲ್ಲಿ ಗೇರ್ ಬದಲಾಯಿಸೋದು ಅಂತೂ ಬೇಡವೇ ಬೇಡ, ಯಾಕಂದ್ರೆ ಬದಲಾಯಿಸೋಕೆ ಪೆಡಲ್ ಒತ್ಲೇಬೇಕು. ನಿಲ್ಲಿಸಲೇಬೇಕಾಗಿ ಬಂದ್ರೆ ಆ ಮಧ್ಯದ ಜಾಗದಲ್ಲಿ ತಡಕಾಡದೆ ಒಂದೇ ಓಟಕ್ಕೆ ಕೆಳಗಿನವರೆಗೂ ಒತ್ತಿ. ಫಸ್ಟ್ ಗೇರಿನ ಸ್ಪೀಡಲ್ಲಿ ಒತ್ತಿದ್ರೆ ಸಾಮಾನ್ಯವಾಗಿ ಜಾರಲ್ಲ, ಮೂರನೇ ಗೇರಲ್ಲಿ ಬರ್ತಿದ್ದು ಒತ್ತಿದ್ರೆ ಜಾರುತ್ತೆ.

ಲಾಕ್ ಆಗಿ ಜಾರೋದಕ್ಕೆ ಇನ್ನೊಂದು ಕಾರಣ ಇದೆ. ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ ಈ ಗಾಡೀಲಿ, ಇರೋದು ಒಂದೇ ಡಿಸ್ಕು, ಅದೂ ಡಿಫರೆನ್ಷಿಯಲ್‌ಗಿಂತ (ಹಿಂದಿನ ಎರಡು ಚಕ್ರಕ್ಕೂ ಶಕ್ತಿ ಹಂಚೋ ಗೇರು) ಮುಂಚೆ. ಅಂದ್ರೆ ಹಿಂದಿನ ಎರಡು ಚಕ್ರದಲ್ಲಿ ಯಾವುದಕ್ಕೆ ಹಿಡಿತ ಕಮ್ಮಿ ಇದೆಯೋ ಅದರ ಲೆಕ್ಕದಲ್ಲೇ ನಿಮಗೆ ಬ್ರೇಕ್ ಸಿಗೋದು. ಒಂದು ಚಕ್ರ ಹಗುರ ಆದ್ರೆ ಅದು ಉಲ್ಟಾ ತಿರುಗುತ್ತೆ, ಇನ್ನೊಂದು ಆರಾಮಾಗಿ ಮುಂದಕ್ಕೆ ಉರುಳುತ್ತೆ, ನೀವು ಬ್ರೇಕ್ ಒತ್ಕೊಂಡೇ ಕೂತಿರ್ತೀರ. ಇಳೀವಾಗ ಭಾರ ಎಲ್ಲ ಮುಂದಿನ ಚಕ್ರಕ್ಕೆ ಹೋಗಿರುತ್ತೆ, ಬ್ರೇಕ್ ಇರೋದು ಹಿಂದೆ. ಹೀಗಿದೆ ಹಣೆಬರಹ.

ಈಗ ವಾಸನೆ ವಿಷ್ಯ. ಅದು ಮಾತ್ರ ನಿಜವಾದ ರಿಪೇರಿ, ಬೆಲ್ಟ್ ಸ್ಲಿಪ್ ಆಗ್ತಿದೆ. ಇದನ್ನ ಬರೀ ಹತ್ತೋ ಪ್ರಾಬ್ಲಂ ಅಂದ್ಕೋಬೇಡಿ. ಐಡ್ಲರ್ ಕೂರಿಸಿರೋದು ಮುಂದಕ್ಕೆ ಎಳೆಯೋವಾಗ ಬೆಲ್ಟಿನ ಯಾವ ಕಡೆ ಸಡಿಲ ಇರುತ್ತೋ ಆ ಕಡೆ. ಇಳೀವಾಗ ಚಕ್ರ ಇಂಜಿನ್ನನ್ನ ತಳ್ಳೋಕೆ ಶುರು ಮಾಡುತ್ತಲ್ಲ, ಆಗ ಬಿಗಿ ಕಡೆ ಸಡಿಲ ಕಡೆ ಅದಲು ಬದಲು. ಬಿಗಿಯಾದ ಕಡೆ ಬಂದು ಐಡ್ಲರನ್ನೇ ಸ್ಪ್ರಿಂಗ್ ವಿರುದ್ಧ ತಳ್ಳುತ್ತೆ. ಹಾಗಾಗಿ ಹತ್ತೋವಾಗ ಸ್ಲಿಪ್ ಆಗೋ ಬೆಲ್ಟು ಇಳೀವಾಗ ಇನ್ನೂ ಬೇಗ ಕೈ ಕೊಡುತ್ತೆ. ಹೊಸ ಬೆಲ್ಟ್ ಹಾಕೋವರೆಗೂ ಹಿಂದ್ಗಡೆ ಇಳೀಬೇಡಿ, ಹುಲ್ಲು ಮೊಣಕಾಲುದ್ದ ಬೆಳೆದ್ರೂ ಪರವಾಗಿಲ್ಲ.

ಸ್ಪಾರ್ಕ್ ಪ್ಲಗ್ ವೈರ್ ತೆಗೆದಿಟ್ಟು, ಇಂಜಿನ್ ತಣ್ಣಗಾದ್ಮೇಲೆ ಕೆಳಗೆ ಬಗ್ಗಿ ನೋಡಿ. ಬೆಲ್ಟಿನ ಎರಡು ಪಕ್ಕ ಗಾಜಿನ ಥರ ಹೊಳೀತಿದ್ರೆ ಅದರ ಆಯಸ್ಸು ಮುಗೀತು. ವಿ ಬೆಲ್ಟ್ ಹಿಡಿಯೋದು ಪಕ್ಕದಿಂದ, ತಳದಿಂದ ಅಲ್ಲ. ಸವೆದು ಸವೆದು ಪುಲ್ಲಿ ತೋಡಿನ ತಳಕ್ಕೆ ಬೆಲ್ಟ್ ತಾಗ್ತಿದ್ರೆ ಎಷ್ಟು ಬಿಗಿ ಮಾಡಿದ್ರೂ ಹಿಡಿಯಲ್ಲ. ಐಡ್ಲರ್ ಕೈಯಲ್ಲಿ ತಿರುಗಿಸಿ, ಗರಗರ ಅಂದ್ರೆ ಬೇರಿಂಗ್ ಹೋಗಿದೆ. ಇಂಜಿನ್ ತಳದ ಆಯಿಲ್ ಸೀಲ್ ಸೋರ್ತಿದ್ಯಾ ಅದನ್ನೂ ನೋಡಿ, ಅದು ಸರಿಯಾಗಿ ಪುಲ್ಲಿ ಮೇಲೇ ಇರೋದ್ರಿಂದ ಸೋರಿದ ಆಯಿಲ್ ನೇರ ಬೆಲ್ಟಿಗೇ ಪ್ರಸಾದ.

ಹುಬ್ಬಳ್ಳಿಗುಡ್ಡ:

ಪುಲ್ಲಿ ಸರ್ ಮಶೀನಿಂದ ಎಲ್ಲಾ ಹೇಳ್ಯಾರ, ನಾ ನೆಲದ್ದ ಹೇಳ್ತೀನ್ರಿ. ನಾವು ಟೆನ್ನೆಸ್ಸಿ ಒಳಗ ನಾಕ್ಸ್‌ವಿಲ್ ಬಾಜೂಕ ಇರ್ತೀವಿ, ಇಲ್ಲೂ ಗುಡ್ಡದ್ದ ರಾಜ್ಯ.

ಮೊದಲ ನಿಮ್ಮ ಇಳಿಜಾರ ಎಷ್ಟೈತಿ ಅಳೀರಿ. ಕಣ್ಣಂದಾಜ ನಂಬಬ್ಯಾಡ್ರಿ, ಕಣ್ಣು ಭಾಳ ಮೋಸ ಮಾಡ್ತೈತಿ. ಒಂದ ಉದ್ದನ್ನ ಹಲಗಿ ಹುಲ್ಲಿನ ಮ್ಯಾಲ ಇಳಿಜಾರದ ಗುಂಟ ಇಡ್ರಿ, ಅದರ ಮ್ಯಾಲ ಫೋನ್ ಇಟ್ಟು ಲೆವೆಲ್ ಆಪ್ ತಗೀರಿ, ಡಿಗ್ರಿ ತೋರಸ್ತದ. ನಾಕೈದ ಕಡೆ ನೋಡ್ರಿ, ಯಾಕಂದ್ರ ಪೂರ್ತಿ ಗುಡ್ಡ ಹನ್ನೆರಡ ಇದ್ದು ಒಂದ ಕಡೆ ಇಪ್ಪತ್ತ ಇರ್ತೈತಿ, ಗಾಡಿ ಪಲ್ಟಿ ಹೊಡಿಯೋದು ಅಲ್ಲೇ. ಕುಂತು ಓಡ್ಸೋ ಮಶೀನಿಗೆ ಹೆಚ್ಚು ಕಡಿಮಿ ಎಲ್ಲಾ ಕಂಪನಿ ಮ್ಯಾನುಅಲ್‌ನ್ಯಾಗೂ 15 ಡಿಗ್ರಿ ಅಂತ ಬರದಿರ್ತಾರ. 15 ಡಿಗ್ರಿ ಅಂದ್ರ ಹತ್ತು ಅಡಿ ಹೋದ್ರ ಎರಡೂವರಿ ಅಡಿ ಮ್ಯಾಲ ಏರೋದು. ಮ್ಯಾನುಅಲ್ ಇದ್ರ ಅದರಾಗ ಒಂದ ಹಾಳಿ ಇರ್ತದ, ಗೆರಿ ಮ್ಯಾಲ ಮಡಚಿ ಗಿಡಾನೋ ಕಂಬಾನೋ ನೋಡ್ಕೊಂಡ ಅಳಿಯೋದು, ಅದೂ ನಡೀತೈತಿ.

ಡಿಗ್ರಿ ಬ್ಯಾರೆ ಪರ್ಸೆಂಟ್ ಬ್ಯಾರೆ, ಇದರಾಗ ಭಾಳ ಮಂದಿ ಎಡವ್ತಾರ. 15 ಡಿಗ್ರಿ ಅಂದ್ರ 27 ಪರ್ಸೆಂಟ್ ಹತ್ರ. ನಿಮ್ಮ ಊರಾಗ ಬೀಚ್‌ವ್ಯೂ ಒಳಗ ಕ್ಯಾಂಟನ್ ಅವೆನ್ಯೂ ಐತಲ್ರಿ, ಅಮೆರಿಕಾದಾಗ ಎಲ್ಲಾಕಿಂತ ಕಡಿದಾದ ರಸ್ತಾ ಅಂತ ಮಂದಿ ನೋಡಾಕ ಬರ್ತಾರ, ಅದು 37 ಪರ್ಸೆಂಟ್. ಡಿಗ್ರಿ ಲೆಕ್ಕದಾಗ ಬರೇ 20. ಅಂದ್ರ ಲಾನ್ ಟ್ರ್ಯಾಕ್ಟರ್ ಮಿತಿಗೂ ಆ ರಸ್ತಾಕ್ಕೂ ಐದ ಡಿಗ್ರಿ ಅಷ್ಟ ಅಂತರ. ಹೋಗಿ ಒಮ್ಮೆ ಅಲ್ಲಿ ನಿಂತ ನೋಡ್ರಿ, ಅಲ್ಲಿ ಹುಲ್ಲಿದ್ದು ಅದರ ಮ್ಯಾಲ ಮಂಜ ಬಿದ್ದಿದ್ರ ಹೆಂಗ ಅಂತ ವಿಚಾರ ಮಾಡ್ರಿ.

ಎರಡನೇದು, ಕುಂತು ಓಡ್ಸೋದು ಯಾವತ್ತೂ ನೆಟ್ಟಗ ಮ್ಯಾಲ ಕೆಳಗ, ಅಡ್ಡ ಹೋಗಬ್ಯಾಡ್ರಿ. ನಡಕೋತ ತಳ್ಳೋ ಮಶೀನು ಇದಕ್ಕ ಉಲ್ಟಾ, ಅದು ಅಡ್ಡಾನ ಹೋಗಬೇಕು, ಯಾಕಂದ್ರ ಮ್ಯಾಲ ಕೆಳಗ ತಳ್ಳಿದ್ರ ಕಾಲ ಜಾರಿ ಬ್ಲೇಡಿಗೆ ಹೋಗ್ತೈತಿ, ಇಲ್ಲಾ ಮಶೀನ್ ಮೈಮ್ಯಾಲ ಬರ್ತೈತಿ. ಭಾಳ ಮಂದಿ ಇವೆರಡನ್ನ ಅದಲಾ ಬದಲಿ ಮಾಡ್ಕೊಂಡಾರ.

ಅಡ್ಡ ಯಾಕ ಬ್ಯಾಡ ಅಂದ್ರ, ಮುಂದಿನ ಆಕ್ಸಲ್ ನಟ್ಟನಡುವ ಒಂದ ಪಿನ್ ಮ್ಯಾಲ ತೂಗಾಡ್ತಿರ್ತದ. ನಾವು ನಾಲ್ಕ ಗಾಲಿ ಮ್ಯಾಲ ಕುಂತೀವಿ ಅಂತ ತಿಳ್ಕೋತೀವಿ, ಖರೇ ಅಂದ್ರ ಹಿಂದಿನ ಎರಡು ಗಾಲಿ, ಮುಂದಿನ ಪಿನ್ನು, ಇಷ್ಟ ಮೂರು ಬಿಂದು ಮ್ಯಾಲ ಕುಂತಿರ್ತೀವಿ. ಮುಂದಿನ ಗಾಲಿ ಎರಡೂ ನೆಲಕ್ಕ ಹತ್ತಿದ್ದು ನೋಡಿ ಎಲ್ಲಾ ಬರೋಬ್ಬರಿ ಐತಿ ಅಂತೀವಿ, ಅಷ್ಟೊತ್ತಿಗೆ ಹಿಂದ ಮ್ಯಾಲಿನ ಬದಿ ಗಾಲಿ ಎದ್ದಿರ್ತೈತಿ. ಅದರಾಗ ಗ್ರೌಂಡ್‌ಹಾಗ್ ತೋಡಿದ ಬಿಲದಾಗ ಕೆಳಗಿನ ಬದಿ ಗಾಲಿ ಇಳೀತಂದ್ರ ಕೆಲಸ ಮುಗೀತು. ನಿಮ್ಮ ಪೆನ್ಸಿಲ್ವೇನಿಯಾದಾಗ ಗ್ರೌಂಡ್‌ಹಾಗ್‌ಗೆ ಹಬ್ಬಾನ ಮಾಡ್ತಾರ, ಹಿತ್ತಲದಾಗ ಇರ್ಲಾರದ ಇರ್ತಾವೇನ್ರಿ? ಸೀಸನ್ ಮೊದಲ ಸಲ ನಡಕೋತ ಹೋಗಿ ಬಿಲ, ಕಲ್ಲು, ಗಿಡದ ಬೊಡ್ಡಿ ಎಲ್ಲಾ ನೋಡಿ ಒಂದೊಂದ ಬಾವುಟ ಚುಚ್ಚಿ ಬರ್ರಿ.

ಮಂಜ ಆರೋತನಕ ಹೋಗಬ್ಯಾಡ್ರಿ, ಮಳಿ ಆದ ಮರುದಿನಾನೂ ಬ್ಯಾಡ. ನಿಮ್ಮ ಕಡೆ ಜೇಡಿಮಣ್ಣು, ಮ್ಯಾಲ ಒಣಗಿದ್ರೂ ಒಳಗ ಜಾರ್ತೈತಿ.

ಏರುಪೇರು:

ಇಷ್ಟೆಲ್ಲ ಹೆದರ್ಸೋ ಅಗತ್ಯ ಇದ್ಯಾ ಗುರು? ನಮ್ಮ ಬ್ಯಾಕ್‌ಯಾರ್ಡ್ 20 ಡಿಗ್ರಿ ಇದೆ, ವರ್ಷಗಟ್ಲೆಯಿಂದ ಅಡ್ಡಡ್ಡನೇ ಹೊಡೀತಿದೀನಿ, ಮೇಲಿನ ಕಡೆಗೆ ಸ್ವಲ್ಪ ವಾಲಿ ಕೂತ್ಕೊಂಡ್ರೆ ಆಯ್ತು. ಕಂಪನಿಯವ್ರು 15 ಅಂತ ಬರೆಯೋದು ನಾಳೆ ಕೋರ್ಟ್ ಕೇಸ್ ಬೀಳ್ಬಾರ್ದು ಅಂತ. ಇಲ್ಲ ಅಂದ್ರೆ ನಿಂತಲ್ಲೇ ತಿರುಗೋ ಝೀರೋ ಟರ್ನ್ ಮಷೀನ್ ತಗೊಳಿ, ಅರ್ಧ ಟೈಮಲ್ಲಿ ಮುಗಿಯುತ್ತೆ.

ಹುಬ್ಬಳ್ಳಿಗುಡ್ಡ:

ಏರುಪೇರು ಅವ್ರ, ಕೋರ್ಟ್ ಮಾತು ಒಪ್ತೀನ್ರಿ, ಮ್ಯಾನುಅಲ್‌ನ್ಯಾಗ ಅರ್ಧ ವಕೀಲರ ಬರದಿರ್ತಾರ. ಆದ್ರ ಆ 15 ಅನ್ನೋದು ಒಣಗಿದ ಹುಲ್ಲು, ಸಪಾಟ ನೆಲ, ಟೈರಿನ್ಯಾಗ ಸರಿ ಗಾಳಿ ಇದ್ದಾಗಿಂದು. ಇವ್ರ ಗಾಡಿ ಬೆಲ್ಟ್ ಸ್ಲಿಪ್ ಆಗಾಕತ್ತೈತಿ, ಕೆಳಗ ಹಳ್ಳ ಐತಿ. ವಾಲಿ ಕುಂಡ್ರೋದರಿಂದ ಸ್ವಲ್ಪ ಫರಕ ಆಗ್ತೈತಿ ಖರೇ, ಆದ್ರ ಹಂಗ ವಾಲಿದಾಗ ಸೀಟಿನ ಕೆಳಗಿನ ಸ್ವಿಚ್ ಬಿಟ್ಟಿತಂದ್ರ ಇಂಜಿನ್ ಅಲ್ಲೇ ಬಂದ್. ಇಳಿಜಾರದಾಗ ಇಂಜಿನ್ ಬಂದ್ ಆಗೋದು ಬ್ಯಾಡಪಾ. ಆ ಸ್ವಿಚ್ಚಿಗೆ ವೈರ್ ಸುತ್ತಿ ಬೈಪಾಸ್ ಮಾಡಿದವರ್ನೂ ನೋಡೀನಿ, ಅವ್ರಿಗೆ ಏನ್ ಹೇಳೂದು.

ಝೀರೋ ಟರ್ನ್ ಅಂತೂ ಇವ್ರಿಗೆ ಬ್ಯಾಡವೇ ಬ್ಯಾಡ. ಅದರ ಮುಂದಿನ ಗಾಲಿ ಶಾಪಿಂಗ್ ಕಾರ್ಟ್ ಗಾಲಿ ಇದ್ದಂಗ, ತಾವಾಗೇ ತಿರಗ್ತಾವ. ಸ್ಟೇರಿಂಗ್ ಎಲ್ಲಾ ಹಿಂದಿನ ಎರಡು ಗಾಲಿ ಸ್ಪೀಡ್ ಮ್ಯಾಲ. ಹಿಂದಿನ ಗಾಲಿ ಹಿಡಿತ ಬಿಟ್ಟೂ ಅಂದ್ರ ಬ್ರೇಕೂ ಹೋತು ಸ್ಟೇರಿಂಗೂ ಹೋತು. ಟ್ರ್ಯಾಕ್ಟರ್ ಜಾರಿದ್ರ ಮುಂದಿನ ಗಾಲಿ ತಿರುವಿ ನೆಟ್ಟಗರ ಇಟ್ಕೋಬಹುದು.

ಕೊಪ್ಪದಶಾಸ್ತ್ರಿ:

ನಮ್ಮಲ್ಲಿ ಲಾನೂ ಇಲ್ಲ ಲಾನ್ ಟ್ರ್ಯಾಕ್ಟರೂ ಇಲ್ಲ ಮಾರಾಯ್ರೆ, ಆದ್ರೆ ಇಳಿಜಾರೂ ಬೆಲ್ಟೂ ಅಂದ್ರೆ ಸುಮ್ನೆ ಇರೋಕ್ಕಾಗ್ಲಿಲ್ಲ. ಪವರ್ ಟಿಲ್ಲರ್‌ದೂ ಇದೇ ಕಥೆ ಅಲ್ವಾ, ಇಂಜಿನ್ನಿಂದ ಕ್ಲಚ್ ಪುಲ್ಲಿಗೆ ವಿ ಬೆಲ್ಟು. ಟಿಲ್ಲರ್‌ಗೆ ಟ್ರೈಲರ್ ಕಟ್ಕೊಂಡು ಅಡಿಕೆ ಗೊನೆ ತುಂಬ್ಕೊಂಡು ತೋಟದಿಂದ ಮನೆ ದರೆ (ಕಡಿದಾದ ಮಣ್ಣಿನ ಏರು) ಹತ್ತಿಸಿ ಇಳಿಸೋರಿಗೆ ಪುಲ್ಲಿಪುರಾಣ ಅವ್ರು ಹೇಳಿದ್ದು ಬಾಯಿಪಾಠ ಇರುತ್ತೆ, ಇಳುಕಲಲ್ಲಿ ಕ್ಲಚ್ ಹಿಡೀಬಾರ್ದು, ಮೇಲೇ ಲೋ ಗೇರ್ ಹಾಕ್ಕೊಂಡು ಇಳೀಬೇಕು.

ಟಿಲ್ಲರಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಹ್ಯಾಂಡಲ್ ಎರಡೂ ಕಡೆ ಸ್ಟೇರಿಂಗ್ ಕ್ಲಚ್ ಇರುತ್ತಲ್ಲ, ಸಮದಲ್ಲಿ ಎಡಗಡೆದು ಹಿಡಿದ್ರೆ ಎಡಕ್ಕೆ ತಿರುಗುತ್ತೆ, ಯಾಕಂದ್ರೆ ಎಡ ಚಕ್ರಕ್ಕೆ ಪವರ್ ಹೋಗೋದು ನಿಲ್ಲುತ್ತೆ. ಜೋರು ಇಳುಕಲಲ್ಲಿ ಅದೇ ಎಡಗಡೆದು ಹಿಡಿದ್ರೆ ಬಲಕ್ಕೆ ತಿರುಗುತ್ತೆ! ಅಲ್ಲಿ ಚಕ್ರವನ್ನ ಇಂಜಿನ್ ಎಳೀತಿಲ್ಲ, ತಡೀತಿದೆ. ತಡೆ ಬಿಟ್ಟ ಚಕ್ರ ಓಡುತ್ತೆ, ಹಿಡಿದಿಟ್ಟ ಚಕ್ರದ ಕಡೆಗೆ ಗಾಡಿ ವಾಲುತ್ತೆ. ಹೊಸಬರಿಗೆ ಟಿಲ್ಲರ್ ಕೊಟ್ಟಾಗ ಮೊದ್ಲು ಹೇಳೋದು ಇದನ್ನೇ, ಹೇಳದೆ ಇದ್ರೆ ನೇರ ಕಪ್ಪಿಗೆ (ತೋಟದ ನೀರು ಬಸಿಯೋ ಕಾಲುವೆಗೆ) ಇಳಿಸ್ತಾರೆ. ನಿಮ್ಮ ಪೆಡಲ್ ಅರ್ಧ ಒತ್ತಿದ್ರೆ ಓಡೋದೂ ಅದೇ ಲೆಕ್ಕ ಕಣ್ರಿ.

ಅಂದಹಾಗೆ ದರೆ ಮೇಲಿನ ಹುಲ್ಲಿಗೆ ನಮ್ಮಲ್ಲಿ ಯಾರೂ ಚಕ್ರದ ಗಾಡಿ ಒಯ್ಯಲ್ಲ, ಬೆನ್ನಿಗೆ ಹಾಕ್ಕೊಳ್ಳೋ ಹುಲ್ಲು ಹೊಡೆಯೋ ಮಷೀನೇ. ಗಮ್‌ಬೂಟು, ಕಣ್ಣಿಗೆ ಕನ್ನಡಕ, ನೈಲಾನ್ ದಾರ. ಹಿಂದಿನ ಕಾಲದಲ್ಲಿ ಕತ್ತಿ. ಒಂದೂಕಾಲು ಎಕರೆಗೂ ಗಾಡಿ ಬೇಕಾ ಅಂತ ನಮ್ಮಪ್ಪ ಕೇಳ್ತಿದಾರೆ ಪಕ್ಕದಲ್ಲಿ ಕೂತು.

ಕೆಂಪುಮಣ್ಣು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಶಾಸ್ತ್ರಿಗಳೇ ನಿಮ್ಮಪ್ಪ ಅವ್ರಿಗೆ ನಮಸ್ಕಾರ ಹೇಳಿ, ನಮ್ಮಪ್ಪನೂ ವಿಡಿಯೋ ಕಾಲಲ್ಲಿ ಅದನ್ನೇ ಕೇಳಿದ್ರು, ಎರಡು ಹಸು ಕಟ್ಟೋ ಅಂತ.

ಹಲಗೆ ಇಟ್ಟು ಅಳೆದೆ. ಹಿಂದ್ಗಡೆ ಬಹುಪಾಲು 11ರಿಂದ 13, ಶೆಡ್ ಹಿಂದೆ ಒಂದು ಪಟ್ಟಿ ಮಾತ್ರ 21 ತೋರಿಸ್ತು, ಅದು ಸೀದಾ ಹಳ್ಳದ ಕಡೆ ಹೋಗೋದು. ಕಣ್ಣಿಗೆ ಎರಡೂ ಒಂದೇ ಥರ ಕಾಣ್ತಿತ್ತು. ಬೆಲ್ಟ್ ನೋಡಿದೆ, ಪಕ್ಕ ಎರಡೂ ಫಳಫಳ ಹೊಳೀತಿದೆ, ಒಂದು ಕಡೆ ದಾರ ಎದ್ದಿದೆ, ಬೆಲ್ಟ್ ಕವರ್ ಒಳಗೆ ಹಳೇ ಹುಲ್ಲು ಮೆತ್ಕೊಂಡು ಕಲ್ಲಾಗಿದೆ. ಆಯಿಲ್ ಸೋರ್ತಿಲ್ಲ.

ಇನ್ನೂ ಎರಡು ಡೌಟು. ಹತ್ತೋವಾಗ ಮುಂಭಾಗ ಎದ್ದೇಳುತ್ತೆ ಅಂತಾರಲ್ಲ, ಹಿಂದೆ ಭಾರ ಹಾಕಿದ್ರೆ ಹಿಡಿತ ಬರುತ್ತಾ ಇಲ್ಲ ಇನ್ನೂ ಎದ್ದೇಳುತ್ತಾ? ಆಮೇಲೆ ಪಕ್ಕದ ಮನೆಯವ್ರು ಹೈಡ್ರೋಸ್ಟ್ಯಾಟಿಕ್ (ಆಯಿಲ್ ಒತ್ತಡದಿಂದ ಓಡೋ ಗಾಡಿ) ತಗೋ, ಕ್ಲಚ್ಚೇ ಇರಲ್ಲ ಅಂತಿದಾರೆ. ಬದಲಾಯಿಸಬೇಕಾ?

ಪುಲ್ಲಿಪುರಾಣ:

ಮೊದಲು ಭಾರ. ಹಾಕ್ಬೇಕು, ಆದ್ರೆ ಎಲ್ಲಿ ಅನ್ನೋದು ಮುಖ್ಯ. ಹಿಂದಿನ ಚಕ್ರದ ರಿಮ್ಮಿಗೇ ಬೋಲ್ಟ್ ಮಾಡೋ ವೀಲ್ ವೆಯ್ಟ್ ಸಿಗುತ್ತೆ, ಇಲ್ಲ ಟೈರ್ ಒಳಗೇ ದ್ರವ ತುಂಬಿಸ್ತಾರೆ. ನಿಮ್ಮ ಊರಲ್ಲಿ ಚಳಿಗೆ ಹೆಪ್ಪುಗಟ್ಟದಿರೋದು ಬೇಕು, ಕೆಲವ್ರು ಕಾರಿನ ಗ್ಲಾಸ್ ಒರೆಸೋ ವಾಷರ್ ನೀರೇ ಹಾಕ್ತಾರೆ, ಬೀಟ್ ರಸದ್ದೂ ಬರುತ್ತೆ. ಇವೆರಡೂ ಭಾರವನ್ನ ಕೆಳಗೆ, ಆಕ್ಸಲ್ ಮಟ್ಟದಲ್ಲಿ ಇಡುತ್ತೆ, ಹಾಗಾಗಿ ಗಾಡಿ ಮಗುಚೋದಕ್ಕೂ ಒಳ್ಳೇದೇ. ಮುಂಭಾಗ ಎತ್ತಿಸೋದು ಆಕ್ಸಲ್‌ಗಿಂತ ಹಿಂದಕ್ಕೆ ನೇತಾಡೋ ಭಾರ, ಅಂದ್ರೆ ಹಸಿ ಹುಲ್ಲು ತುಂಬಿದ ಬ್ಯಾಗರ್ ಚೀಲ. ಇಳಿಜಾರಲ್ಲಿ ಬ್ಯಾಗರ್ ತೆಗೆದಿಡಿ, ಹುಲ್ಲು ಪಕ್ಕಕ್ಕೆ ಬೀಳಲಿ. ಹತ್ತೋವಾಗ ಮಧ್ಯೆ ನಿಂತು ಮತ್ತೆ ಹೊರಡೋದೂ ಬೇಡ, ಪೆಡಲ್ ಟಪ್ ಅಂತ ಬಿಟ್ರೆ ಬೆಲ್ಟ್ ಒಂದೇ ಸಲ ಹಿಡಿದು ಮೂಗು ಮೇಲೇಳೋದು ಆಗಲೇ. ನಿಂತೋದ್ರೆ ಬ್ಲೇಡ್ ಆಫ್ ಮಾಡಿ, ತಿರುಗಿಸದೆ ರಿವರ್ಸ್ ಗೇರಲ್ಲೇ ನೆಟ್ಟಗೆ ಹಿಂದಕ್ಕೆ ಇಳಿದುಬಿಡಿ, ಹಿಂದೆ ಯಾರಿದಾರೆ ನೋಡ್ಕೊಂಡು. ಟೈರ್ ಗಾಳೀನ ಗೇಜ್ ಹಾಕಿ ಎರಡೂ ಕಡೆ ಸಮ ಮಾಡಿ, ಇವು ಬಹಳ ಕಮ್ಮಿ ಪ್ರೆಶರಿನ ಟೈರು, ಹಿಂದಿನದಕ್ಕೆ ಸಾಮಾನ್ಯವಾಗಿ 10 ಪಿಎಸ್‌ಐ ಹತ್ರ, ಪಕ್ಕದಲ್ಲೇ ಬರೆದಿರುತ್ತೆ. ಒಂದು ಕಡೆ ಇಳಿದಿದ್ರೆ ಅದೇ ಒಂದೆರಡು ಡಿಗ್ರಿ ತಿಂದುಬಿಡುತ್ತೆ.

ಹೈಡ್ರೋ ವಿಷ್ಯ. ಪಕ್ಕದ ಮನೆಯವ್ರು ಹೇಳೋದು ಪೂರ್ತಿ ತಪ್ಪಲ್ಲ. ಅದರಲ್ಲೂ ಇಂಜಿನ್ನಿಂದ ಟ್ರಾನ್ಸ್‌ಮಿಷನ್‌ಗೆ ಹೋಗೋದು ಬೆಲ್ಟೇ, ಆದ್ರೆ ಒಳಗೆ ಆಯಿಲ್ ಪಂಪು ಮೋಟರು. ಪೆಡಲಿಂದ ಕಾಲು ತೆಗೆದ್ರೆ ಆಯಿಲ್ ಹರಿಯೋಕೆ ದಾರಿ ಇಲ್ದೆ ಗಾಡಿ ತಾನಾಗೇ ನಿಧಾನ ಆಗುತ್ತೆ, ನಿಮ್ಮದರಲ್ಲಿರೋ ಆ ಮಧ್ಯದ ಖಾಲಿ ಜಾಗ ಅದರಲ್ಲಿಲ್ಲ. ಅಷ್ಟರ ಮಟ್ಟಿಗೆ ಇಳಿಜಾರಿಗೆ ಅದು ವಾಸಿ. ಆದ್ರೆ ಅಗ್ಗದ ಗಾಡೀಲಿ ಬರೋದು ಸೀಲ್ ಮಾಡಿದ ಸಣ್ಣ ಯೂನಿಟ್ಟು, ಬೇಸಿಗೇಲಿ ತುಂಬ ಹೊತ್ತು ಏರು ಹತ್ತಿಸ್ತಾ ಇದ್ರೆ ಆಯಿಲ್ ಕಾದು ತೆಳ್ಳಗಾಗಿ ಒಳಗೊಳಗೇ ಸೋರಿ ಶಕ್ತಿ ಹೋಗುತ್ತೆ, ತಡೆಯೋ ಶಕ್ತೀನೂ ಸೇರಿ. ಹಿಂದ್ಗಡೆ ಇರೋ ಬೈಪಾಸ್ ಲಿವರ್ (ಆಫ್ ಆಗಿರೋ ಗಾಡೀನ ತಳ್ಳೋಕೆ ಇರೋದು) ಎಳೆದಿಟ್ಟು ಮರೆತ್ರೆ ಅಂತೂ ಏನೂ ತಡೆ ಇಲ್ಲ. 13 ಡಿಗ್ರಿಗೆ ನಿಮ್ಮ ಗೇರ್ ಗಾಡಿ ಸಾಕು, ಬೆಲ್ಟಿಗೆ ಖರ್ಚು ಮಾಡಿ. ಆ 21 ಡಿಗ್ರಿ ಪಟ್ಟಿಗೆ ಎರಡೂ ಸಾಕಾಗಲ್ಲ.

ಬ್ರೇಕ್ ಚೆಕ್ ಮಾಡೋದು ಸುಲಭ. ಡ್ರೈವ್‌ವೇನಲ್ಲಿ ಸಮ ಕಾಂಕ್ರೀಟ್ ಮೇಲೆ ಇಂಜಿನ್ ಆಫ್, ಗೇರ್ ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್ ಹಾಕಿ ತಳ್ಳಿ ನೋಡಿ. ಹಿಂದಿನ ಚಕ್ರ ಉಜ್ಜಬೇಕು, ಉರುಳಬಾರದು. ಉರುಳಿದ್ರೆ ಡಿಸ್ಕ್ ಹತ್ರ ಒಂದು ನಟ್ ಇರುತ್ತೆ, ಗ್ಯಾಪ್ ಎಷ್ಟಿರ್ಬೇಕು ಅಂತ ನಿಮ್ಮ ಮಾಡೆಲ್ ಮ್ಯಾನುಅಲ್ ನೋಡಿ ಬಿಗಿ ಮಾಡಿ.

ಅಮ್ಮನಅಂಗಳ:

ನಾನು ಹ್ಯಾರಿಸ್‌ಬರ್ಗ್ ಹತ್ರ ಇರೋದು. ಗಂಡಸ್ರೆಲ್ಲ ಬೆಲ್ಟು ಪುಲ್ಲಿ ಅಂತಿದೀರ, ಮಕ್ಕಳ ವಿಷ್ಯ ಯಾರೂ ಎತ್ತಲಿಲ್ಲ. ಕೆಂಪುಮಣ್ಣು ಅವ್ರೇ, ಮಕ್ಕಳಿದ್ರೆ ತೊಡೆ ಮೇಲೆ ಕೂರಿಸ್ಕೊಂಡು ಒಂದು ರೌಂಡ್ ಅನ್ನೋದು ದಯವಿಟ್ಟು ಬೇಡ. ನಮ್ಮ ಕಡೆ ಅಜ್ಜ ಅಜ್ಜಿ ಬಂದಾಗ ಇದು ಶುರುವಾಗುತ್ತೆ, ಪಾಪ ಮಗು ಆಸೆ ಪಡ್ತಿದೆ ಕೂರಿಸ್ಕೋ ಅಂತ. ಒಂದ್ಸಲ ರುಚಿ ಹತ್ತಿದ ಮಗು ಮುಂದಿನ ಸಲ ಸದ್ದು ಕೇಳಿದ ಕೂಡಲೇ ಓಡ್ಬರುತ್ತೆ, ನೀವು ರಿವರ್ಸಲ್ಲಿ ಇರ್ತೀರ, ಇಂಜಿನ್ ಸದ್ದಿಗೆ ಏನೂ ಕೇಳ್ಸಲ್ಲ. ಇಲ್ಲಿನ ಮಕ್ಕಳ ಡಾಕ್ಟರುಗಳ ಅಕಾಡೆಮಿ ಹೇಳೋದು ಕೂತು ಓಡ್ಸೋ ಮಷೀನಿಗೆ 16 ವರ್ಷ ಆಗಿರ್ಬೇಕು, ತಳ್ಳೋದಕ್ಕೆ 12. ಸಣ್ಣವ್ರು ಆ ಹೊತ್ತಲ್ಲಿ ಮನೆ ಒಳಗೇ ಇರ್ಬೇಕು.

ಆ 21 ಡಿಗ್ರಿ ಜಾಗ. ಅಲ್ಲಿ ಹುಲ್ಲೇ ಯಾಕೆ ಬೇಕು? ನಮ್ಮಲ್ಲೂ ರಸ್ತೆ ಕಡೆ ಅಂಥದ್ದೇ ದಿಬ್ಬ ಇತ್ತು, ನೆಲಕ್ಕೆ ಹರಡೋ ಜೂನಿಪರ್ ಹಾಕಿದ್ವಿ. ಮೊದಲೆರಡು ವರ್ಷ ಕಳೆ ಕಿತ್ತು ಕಿತ್ತು ಸೊಂಟ ಬಿತ್ತು, ಈಗ ಅದರ ಪಾಡಿಗೆ ಅದಿದೆ. ನಿಮ್ಮದು ಹಳ್ಳದ ದಂಡೆ ಆಗಿರೋದ್ರಿಂದ ಬೇರು ಗಟ್ಟಿ ಇರೋ ಪೊದೆ ಇನ್ನೂ ಒಳ್ಳೇದು, ಮಣ್ಣು ಕೊಚ್ಚಿ ಹೋಗಲ್ಲ. ಕ್ರೌನ್‌ವೆಚ್ ಹಾಕಿ ಅಂತ ಹಳಬರು ಯಾರಾದ್ರೂ ಹೇಳೇ ಹೇಳ್ತಾರೆ, ಹೈವೇ ಪಕ್ಕ ಗುಲಾಬಿ ಬಿಳಿ ಹೂವು ಬಿಡುತ್ತಲ್ಲ ಅದು. ಈ ರಾಜ್ಯದಲ್ಲಿ ರಸ್ತೆ ದಿಬ್ಬಗಳಿಗೆಲ್ಲ ಅದನ್ನೇ ಹಾಕಿ 1982ರಲ್ಲಿ ಸರ್ಕಾರಿ ಮರ್ಯಾದೆನೂ ಕೊಟ್ರು, ಈಗ ನೋಡಿದ್ರೆ ಹಬ್ಬಿ ಹಬ್ಬಿ ಬೇರೆ ಗಿಡ ಏಳೋಕೇ ಬಿಡಲ್ಲ ಅಂತ ಎಲ್ರೂ ಕೀಳ್ತಿದಾರೆ. ಅದು ಬೇಡ.

ಏರುಪೇರು:

ಮಕ್ಕಳ ವಿಷ್ಯ ನೂರಕ್ಕೆ ನೂರು ಒಪ್ಪಿದೆ ಮೇಡಂ. ಮಿಕ್ಕಿದ್ದಕ್ಕೆ ನನ್ನ ಮಾತು ನಂದೇ. ಆದ್ರೆ ಹಳ್ಳ ಇದೆ ಅಂತ ಓದಿರ್ಲಿಲ್ಲ, ನೀರಿನ ಅಂಚಿಗೆ ನಾನೂ ಹೋಗಲ್ಲ.

ಹುಬ್ಬಳ್ಳಿಗುಡ್ಡ:

ಅಷ್ಟ ಸಾಕ್ರಿ 🙂 ಕೆಂಪುಮಣ್ಣು ಅವ್ರ, ಅಂಚಿನಿಂದ ಕಡಿಮಿ ಅಂದ್ರೂ ಎರಡು ಡೆಕ್ಕಿನಷ್ಟು ದೂರ ಇರ್ರಿ, ಅಂಚಿನ ಮಣ್ಣು ಗಾಡಿ ಭಾರಕ್ಕ ಒಮ್ಮೊಮ್ಮೆ ಹಂಗ ಕುಸೀತೈತಿ. ಮತ್ತ ಜಾರಾಕ ಹತ್ತಿತಂದ್ರ ಮೊದಲ ಬ್ಲೇಡ್ ಬಂದ್ ಮಾಡ್ರಿ, ಸ್ಟೇರಿಂಗ್ ನೆಟ್ಟಗ ಹಿಡೀರಿ, ಕೆಳಗ ಕಾಲ ಊರಿ ಗಾಡಿ ತಡೀತೀನಿ ಅಂತ ಹೋಗಬ್ಯಾಡ್ರಿ. ಅಷ್ಟ ಭಾರದ ಗಾಡಿ ಕಾಲಿಗೆ ನಿಲ್ಲಂಗಿಲ್ಲ.

ಕೆಂಪುಮಣ್ಣು:

ಸರಿ, ಶೆಡ್ ಹಿಂದಿನ ಪಟ್ಟಿ ಬಿಟ್ಟೆ. ಈ ವರ್ಷ ಸ್ಟ್ರಿಂಗ್ ಟ್ರಿಮ್ಮರಲ್ಲಿ ಹೊಡೀತೀನಿ, ಸೆಪ್ಟೆಂಬರಲ್ಲಿ ಜೂನಿಪರ್ ಹಾಕೋಣ ಅಂತ ಮನೇಲೂ ಒಪ್ಪಿದಾರೆ. ಮಿಕ್ಕಿದ್ದು ಮೇಲೆ ಕೆಳಗೆ, ಫಸ್ಟ್ ಗೇರ್. ಬ್ರೇಕ್ ಟೆಸ್ಟ್ ಮಾಡಿದೆ, ಚಕ್ರ ಉಜ್ಜಿತು, ಉರುಳಲಿಲ್ಲ. ಬೆಲ್ಟ್ ಮಾತ್ರ ಕೊನೇ ಪ್ರಶ್ನೆ, ಆಟೋ ಪಾರ್ಟ್ಸ್ ಅಂಗಡೀಲಿ ಅದೇ ಉದ್ದದ್ದು ಅರ್ಧ ರೇಟಿಗೆ ಸಿಗ್ತಿದೆ, ನಡೆಯುತ್ತಾ?

ಪುಲ್ಲಿಪುರಾಣ:

ಬೇಡ. ಕಾರಿನ ಫ್ಯಾನ್ ಬೆಲ್ಟು ಯಾವಾಗಲೂ ಬಿಗಿಯಾಗಿ ಓಡೋಕೆ ಮಾಡಿರೋದು. ನಿಮ್ಮದರಲ್ಲಿ ಪ್ರತಿ ಸಲ ಪೆಡಲ್ ಒತ್ತಿದಾಗ ಸಡಿಲ ಆಗಿ ಜಾರಿ ಮತ್ತೆ ಹಿಡೀಬೇಕು, ಬೆನ್ನಿನ ಕಡೆ ಐಡ್ಲರ್ ಬೇರೆ ಒತ್ತುತ್ತೆ. ಅದಕ್ಕೆ ಒಳಗೆ ಅರಾಮಿಡ್ (ಕೆವ್ಲಾರ್ ಥರದ ಗಟ್ಟಿ) ದಾರ ಇರೋ ಲಾನ್ ಬೆಲ್ಟೇ ಬೇಕು. ಸೀಟ್ ಕೆಳಗೆ ಮಾಡೆಲ್ ನಂಬರ್ ಸ್ಟಿಕ್ಕರ್ ಇರುತ್ತೆ, ಅದರಿಂದ ಪಾರ್ಟ್ ನಂಬರ್ ತೆಗೀರಿ, ಹಳೇ ಬೆಲ್ಟ್ ಹಿಗ್ಗಿರೋದ್ರಿಂದ ಅದನ್ನ ಅಳೆದು ತರ್ಬೇಡಿ. ಹಾಕೋವಾಗ ಪುಲ್ಲಿ ಪಕ್ಕದಲ್ಲಿರೋ ಸಣ್ಣ ಕಡ್ಡಿಗಳಿವೆಯಲ್ಲ, ಬೆಲ್ಟ್ ಹಾರಿಹೋಗ್ದೇ ಇರ್ಲಿ ಅಂತ ಇರೋವು, ಬೆಲ್ಟು ಅವುಗಳ ಒಳಗಡೆಯಿಂದನೇ ಹೋಗ್ಬೇಕು. ಐಡ್ಲರ್ ಸ್ಪ್ರಿಂಗೂ ಒಂದು ಹೊಸದು ಆರ್ಡರ್ ಮಾಡಿ, ಹೆಚ್ಚೇನು ದುಡ್ಡಲ್ಲ. ಬಿಚ್ಚೋಕೆ ಮುಂಚೆ ಬೆಲ್ಟ್ ಯಾವ ಪುಲ್ಲಿ ಯಾವ ಕಡೆಯಿಂದ ಸುತ್ತಿದೆ ಅಂತ ಫೋಟೋ ತೆಗೆದಿಟ್ಕೊಳಿ, ಇಲ್ಲಿಗೂ ಒಂದು ಹಾಕಿ, ನೋಡಿ ಹೇಳ್ತೀನಿ.